ಏದುಸಿರಿನ ಉಪದೇಶ

ಬಂಧುಗಳೇ, ಕಿವಿಗೊಟ್ಟು ಕೇಳಿ. ಮೂವತ್ತು ವರ್ಷ ಪ್ರಾರ್ಥನಾ ಮಂದಿರದಲ್ಲಿ ನಿಂತು ಊರಿನ ಸಂಕಟಗಳಿಗೆಲ್ಲ ಸಾಂತ್ವನ ಹೇಳಿದ ನನಗೆ ಆಪ್ತಸಮಾಲೋಚಕಿಯ ನೆರವು ಬೇಕಿಲ್ಲವೆಂದು ಎದೆ ತಟ್ಟಿ ಸಾರಿದ್ದೆ. ಆದರೆ ಅಣ್ಣ ತೀರಿಕೊಂಡ ಮೇಲೆ ನಿದ್ದೆಯಿಲ್ಲ. ಎರಡು ವಾರ ವೇದಿಕೆಯೇರಿ, ಮಾತು ಹೊರಡದೆ ಇಳಿದು ಬಂದಿದ್ದೆ. ಮೂರನೆಯ ಸಲವೂ ಹೀಗಾದರೆ ಬೇರೊಬ್ಬರನ್ನು ನೇಮಿಸುವುದಾಗಿ ಮಂದಿರದ ಹಿರಿಯರು ತಿಳಿಸಿದ್ದರು.

ವೈದ್ಯರು ಹೇಳಿದ್ದು ಎರಡೇ: ಬಿರುಸಿನ ನಡಿಗೆ, ಮನಬಿಚ್ಚಿದ ಮಾತು. ಅವರೇ ಸೂಚಿಸಿದ ಸಮಾಲೋಚಕಿಯೋ ಉದ್ಯಾನದಲ್ಲಿ ನಡೆಸುತ್ತಲೇ ಮಾತಾಡಿಸುವವರು. ಹೆಂಡತಿ ನನ್ನ ಬೂಟಿನ ದಾರವನ್ನು ತಾನೇ ಬಿಗಿದು ಹೊರಡಿಸಿದಳು.

ಹೇಗಿದ್ದೀರೆಂದು ಆಕೆ ಕೇಳಿದ್ದೇ ತಡ, ಸಭೆಯೆದುರು ಸತ್ತಿದ್ದ ನಾಲಿಗೆ ಒಬ್ಬರೆದುರು ಎದ್ದು ಕುಳಿತಿತು! ಸಹನೆಯ ಮಹಿಮೆ ಕುರಿತು ಮೂರು ಸುತ್ತು ಅಖಂಡ ಉಪದೇಶ. ಕೊನೆಗೆ ಆಕೆಯೇ ಕಣ್ಣೊರೆಸಿಕೊಂಡು, ತಾಯಿಯೊಡನೆ ಮಾತು ಬಿಟ್ಟಿರುವುದನ್ನು ನನ್ನಲ್ಲಿ ತೋಡಿಕೊಂಡರು. ವಿಜಯಿಯಾಗಿ ಮನೆಗೆ ಬಂದು ವರದಿ ಒಪ್ಪಿಸಿದೆ.

"ಸರಿ, ಅವರಿಗೆ ವಾಸಿಯಾಯ್ತು," ಎಂದಳು ಹೆಂಡತಿ. "ನಿಮಗೆ?"

ಮುಂದಿನ ಸಲ ಜೊತೆಗೇ ಬಂದು, ಉದ್ಯಾನದ ಹಿಂದಿನ ಗುಡ್ಡದ ಮೆಟ್ಟಿಲು ತೋರಿಸಿದಳು. "ಮೇಡಂ, ಇವರನ್ನ ಸಮತಟ್ಟಲ್ಲಿ ನಡೆಸಬೇಡಿ, ಮೆಟ್ಟಿಲು ಹತ್ತಿಸಿ. ಉಸಿರು ಉಳಿದ್ರೆ ಉಪದೇಶ ಮಾಡ್ತಾರೆ."

ನಲವತ್ತನೆಯ ಮೆಟ್ಟಿಲಿಗೆ ನನ್ನ ದೃಷ್ಟಾಂತಗಳು ಉದುರಿದವು. ಅರವತ್ತಕ್ಕೆ ವಿಶೇಷಣಗಳು. ಎಂಬತ್ತಕ್ಕೆ ಕ್ರಿಯಾಪದವೂ ಕೈಕೊಟ್ಟಿತು. ಆಗ ಸಮಾಲೋಚಕಿ ಅಣ್ಣನ ವಿಷಯ ಕೇಳಿದರು.

"ಸಿಟ್ಟು," ಎಂದೆ.

"ಯಾರ ಮೇಲೆ?"

"ದೇವರ ಮೇಲೆ."

ಅಲ್ಲೇ ಕುಳಿತು ಮಗುವಿನಂತೆ ಅತ್ತೆ. ಇಳಿಯುವ ದಾರಿಯಲ್ಲಿ ಆಕೆ ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಆ ದಿನ ನಿದ್ದೆ ಬಂತು.

ಆ ವಾರ ವೇದಿಕೆಯೇರಿ ಅದನ್ನೇ ಹೇಳಿದೆ: ಸಿಟ್ಟು, ಮೆಟ್ಟಿಲು, ಅಳು, ಸಮಾಲೋಚಕಿ, ಒಂದನ್ನೂ ಮುಚ್ಚಿಡದೆ. ಮುಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದರು. "ನಂಬಿಕೆ ಇರೋನಿಗೆ ಇದೆಲ್ಲ ಯಾಕಪ್ಪಾ?"

"ದೇವರೇ ಇಲ್ಲ ಅಂದುಕೊಂಡ್ರೆ ಅವನ ಮೇಲೆ ಯಾರಾದ್ರೂ ಸಿಟ್ಟಾಗ್ತಾರಾ ಸ್ವಾಮಿ? ಮತ್ತೆ ಹೋಗ್ತೀನಿ. ವೇದಿಕೆ ಬೇಕಾದ್ರೆ ತಗೊಳ್ಳಿ, ಮೆಟ್ಟಿಲು ಬಿಡೋದಿಲ್ಲ."

ಸಭೆ ಮುಗಿದ ಮೇಲೆ ಆ ಹಿರಿಯರೇ ಬಳಿಗೆ ಬಂದು, ಮಂಡಿನೋವಿದ್ದವರೂ ಹತ್ತಬಹುದೇ ಎಂದು ಮೆಲ್ಲನೆ ವಿಚಾರಿಸಿದರು. ನನ್ನ ವೇದಿಕೆ ನನಗೇ ಉಳಿಯಿತು.

ದಾರಿಯಲ್ಲಿ ಹೆಂಡತಿಯ ಪ್ರಶಂಸೆಗಾಗಿ ಕತ್ತು ಉದ್ದ ಮಾಡಿ ಕಾದೆ.

"ಮದುವೆಯಾದಾಗಿಂದ ನಿಮ್ಮ ಉಪದೇಶಕ್ಕೆ ನಾನು ತೂಕಡಿಸದೆ ಇದ್ದದ್ದು ಇವತ್ತೇ," ಎಂದಳು. "ಎರಡೇ ನಿಮಿಷ ಇತ್ತಲ್ಲ."

ಆದುದರಿಂದ ಬಂಧುಗಳೇ, ಎದೆ ಭಾರವಾದಾಗ ಯಾರಿಗೂ ಅಂಜದೆ, ಕೇಳಬಲ್ಲವರೊಬ್ಬರನ್ನು ಕರೆದುಕೊಂಡು ದಿಣ್ಣೆಯೊಂದನ್ನು ಹತ್ತಿ; ಉಸಿರಿಗೆ ನಿಲುಕಿದಷ್ಟನ್ನೇ ಹೇಳಿ.