ಎರಡರಿಂದ ಆರು ಡಿಗ್ರಿಯೊಳಗಿನ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಈ ಲೋಕದಲ್ಲಿ ಯಾರನ್ನು ಬೇಕಾದರೂ ನಂಬುತ್ತಾರೆ. ಫ್ರಿಡ್ಜನ್ನು ಮಾತ್ರ ನಂಬುವುದಿಲ್ಲ. ಮೀಟರ್ ಸರಿಯಿದೆ ಎಂದು ಆಟೋದವರು ಹೇಳಿದರೆ ನಂಬುತ್ತಾರೆ. ನನ್ನ ಪಿಎಚ್.ಡಿ. ಪ್ರಬಂಧ ಮುಗಿಯುತ್ತ ಬಂದಿದೆ ಎಂದು ಮೂರು ವರ್ಷಗಳಿಂದ ನಾನು ಹೇಳುತ್ತಿರುವುದನ್ನೂ ನಂಬುತ್ತಾರೆ! ಆದರೆ ಫ್ರಿಡ್ಜಿನ ಬಾಗಿಲ ಮೇಲೆ ಹಸಿರು ಅಕ್ಷರದಲ್ಲಿ ನಾಲ್ಕು ಡಿಗ್ರಿ ಎಂದು ಹೊಳೆದರೆ ಸಾಕು, ಕೈಚೀಲದಿಂದ ತಮ್ಮ ಸ್ವಂತ ಥರ್ಮಾಮೀಟರು ಹೊರಬರುತ್ತದೆ.

ಅವರು ಬದುಕಿನ ಬಹುಭಾಗವನ್ನು ಕಳೆದದ್ದು ಒಂದು ರಕ್ತನಿಧಿಯಲ್ಲಿ, ಟೆಕ್ನಿಷಿಯನ್ ಆಗಿ. ದಾನಿಗಳು ಕೊಟ್ಟ ರಕ್ತದ ಚೀಲ ಎರಡರಿಂದ ಆರು ಡಿಗ್ರಿಯೊಳಗೇ ಇರಬೇಕು. ಬೆಚ್ಚಗಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಆ ನಾಲ್ಕು ಡಿಗ್ರಿಯ ಓಣಿಯಲ್ಲೇ ದೊಡ್ಡಮ್ಮನ ಯೌವನ ಕಳೆಯಿತು. ನಿವೃತ್ತರಾದ ಮೇಲೆ ಕಾಯಲು ರಕ್ತವೆಲ್ಲಿದೆ? ಸಿಕ್ಕಿದ್ದು ಕತ್ರಿಗುಪ್ಪೆಯ ಮನೆಯ ಮೊಸರು!

ಅವರ ಫ್ರಿಡ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದೆ. ತೆರೆದವರು ಸಹಿ ಹಾಕಬೇಕು.

"ಎಷ್ಟು ಹೊತ್ತು ತೆಗೆದಿದ್ದೆ?"

"ಮೊಸರು ತಗೊಳ್ಳೋಷ್ಟು ಹೊತ್ತು, ದೊಡ್ಡಮ್ಮಾ."

"ಇಪ್ಪತ್ತು ಸೆಕೆಂಡು. ನಾನು ಎಣಿಸ್ತಿದ್ದೆ. ಬರಿ."

ಪರೀಕ್ಷೆಯಾಗದ ರಕ್ತವನ್ನು ಪರೀಕ್ಷೆಯಾದದ್ದರ ಜೊತೆ ಇಡಬಾರದೆಂಬ ನಿಯಮವುಂಟು. ಹಾಗಾಗಿ ಹೊಸದಾಗಿ ರುಬ್ಬಿದ ದೋಸೆಹಿಟ್ಟಿಗೆ ಕೆಳಗಿನ ಅರೆಯೇ ಗತಿ. ಬೆಳಿಗ್ಗೆ ಮೊದಲ ದೋಸೆಯನ್ನು ದೊಡ್ಡಪ್ಪ ತಿನ್ನುತ್ತಾರೆ. ಅರ್ಧ ಗಂಟೆಯ ನಂತರವೂ ಅವರು ಪೇಪರ್ ಓದುತ್ತ ಕೂತಿದ್ದರೆ ಹಿಟ್ಟು ಮೇಲಿನ ಅರೆಗೆ ಬಡ್ತಿ ಪಡೆಯುತ್ತದೆ! "ನಾನು ಇವಳನ್ನ ಮದುವೆಯಾದ್ನೋ, ಲ್ಯಾಬಿಗೆ ಸೇರಿದ್ನೋ?" ಎಂದು ದೊಡ್ಡಪ್ಪ ಗೊಣಗುತ್ತಾರೆ, ಗೊಣಗುತ್ತಲೇ ಎರಡನೆಯ ದೋಸೆ ಕೇಳುತ್ತಾರೆ.

ಜಯನಗರದ ಅಂಗಡಿಯೊಂದಕ್ಕೆ ಹೊಸ ಫ್ರಿಡ್ಜ್ ನೋಡಲು ಹೋದಾಗ ಮಾರಾಟದವನು ಬಣ್ಣ, ಸ್ಟಾರು, ಆಫರುಗಳ ಸ್ತೋತ್ರ ಮುಗಿಸಿ ಉಸಿರೆಳೆದುಕೊಂಡ. ದೊಡ್ಡಮ್ಮ ಕೇಳಿದ್ದು ಒಂದೇ.

"ಕರೆಂಟ್ ಹೋದ್ರೆ ಇದು ಕೂಗುತ್ತಾ?"

"ಕೂಗಲ್ಲ ಮೇಡಂ! ಫುಲ್ ಸೈಲೆಂಟು. ಅದೇ ಇದರ ಸ್ಪೆಷಾಲಿಟಿ."

"ಕಷ್ಟ ಬಂದಾಗ್ಲೂ ಬಾಯಿ ಬಿಡದಿರೋದನ್ನ ಮನೇಲಿ ಇಟ್ಕೊಂಡು ಏನ್ಮಾಡ್ಲಿ?" ಎಂದು ಹೊರಬಂದರು.

ಇಂಥವರನ್ನು ಸುದ್ದಗುಂಟೆಪಾಳ್ಯದ ಬಳಿಯ ಒಂದು ಪುಟ್ಟ ರಕ್ತಕೇಂದ್ರದವರು ಗೌರವಪೂರ್ವಕವಾಗಿ ಆಹ್ವಾನಿಸಿದರು. ಹೊಸ ಸಿಬ್ಬಂದಿಗೆ ನಾಲ್ಕು ಮಾತು ಹೇಳಬೇಕಂತೆ. ಪಾಪ, ಅವರಿಗೇನು ಗೊತ್ತು! ಜೊತೆಗೆ ನಾನೂ ಹೋದೆ. ಹೊರಗಿನ ಬೆಂಚಿನ ಮೇಲೆ ಏಳೆಂಟು ವರ್ಷದ ಹುಡುಗಿಯೊಬ್ಬಳು ತಾಯಿಗೆ ಒರಗಿ ಕುಳಿತಿದ್ದಳು. ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿರುವ ಬಾಗಲಕೋಟೆ ಕಡೆಯವರು. ಮಗುವಿಗೆ ಥಲಸ್ಸೇಮಿಯಾ, ಮೂರು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು. ಆ ರಕ್ತ ಬರುವುದು ಒಳಗಿನ ಫ್ರಿಡ್ಜಿನಿಂದ.

ದೊಡ್ಡಮ್ಮ ನೇರವಾಗಿ ಅದರ ಮುಂದೆ ನಿಂತರು. "ಅಲಾರಂ ಟೆಸ್ಟ್ ಮಾಡ್ಬೇಕು. ಒಂದು ಲೋಟ ಬಿಸಿನೀರು ಕೊಡಿ."

ಅತಿಥಿಗೆ ಬರೀ ಬಿಸಿನೀರು ಕೊಡುವುದುಂಟೇ? ನಮ್ಮ ಬೆಂಗಳೂರಿನ ಸೌಜನ್ಯ ಎಚ್ಚೆತ್ತು, ಹಬೆಯಾಡುವ ಫಿಲ್ಟರ್ ಕಾಫಿಯೇ ಬಂತು. ದೊಡ್ಡಮ್ಮ ಅದನ್ನು ಕುಡಿಯಲಿಲ್ಲ. ಫ್ರಿಡ್ಜಿನ ತಾಪ ಅಳೆಯುವ ಕಡ್ಡಿಯನ್ನು ಹೊರಗೆಳೆದು, ಎಲ್ಲರೂ ನೋಡುತ್ತಿದ್ದಂತೆ, ಕಾಫಿಯಲ್ಲಿ ಅದ್ದಿಬಿಟ್ಟರು!

ಅಂಕಿ ಹತ್ತು ದಾಟಿತು, ಇಪ್ಪತ್ತು ದಾಟಿತು, ನಲವತ್ತಕ್ಕೇರಿತು. ಅಲಾರಂ ಗಪ್‌ಚುಪ್.

"ಯಾಕ್ರೀ ಕೂಗ್ತಿಲ್ಲ?"

ಉಸ್ತುವಾರಿಯಾತ ತಲೆ ಕೆರೆದುಕೊಂಡ. "ಬಾಗಿಲು ತೆಗೆದಾಗಲೆಲ್ಲಾ ಬೀಪ್ ಬೀಪ್ ಅಂತಿತ್ತು ಮೇಡಂ. ತಲೆನೋವು. ಅದಕ್ಕೇ ಒಂದು ವೈರ್ ಬಿಚ್ಚಿಸಿದ್ವಿ."

ನನ್ನ ನೆತ್ತಿ ಕಾದ ಬಗೆಗೆ ಯಾವ ಥರ್ಮಾಮೀಟರೂ ಸಾಲದು. ರಾತ್ರಿ ಈ ಫ್ರಿಡ್ಜ್ ಕೆಟ್ಟು, ಬೆಳಿಗ್ಗೆ ಮತ್ತೆ ತಣ್ಣಗಾದರೆ ತಿಳಿಯುವುದು ಯಾರಿಗೆ? ಯಾರ ಆದೇಶ? ಯಾರ ಸಹಿ? ಯಾರ ಹೊಣೆ? ಅಲ್ಲೇ ಕುಳಿತು ನಾಲ್ಕು ಪುಟದ ದೂರು ಬರೆದೆ. ವ್ಯವಸ್ಥೆಯ ನಿರ್ಲಕ್ಷ್ಯ, ಸಾರ್ವಜನಿಕ ಆರೋಗ್ಯದ ರಾಜಕಾರಣ, ತಪ್ಪಿತಸ್ಥರ ಅಮಾನತು, ಏನುಂಟು ಏನಿಲ್ಲ! ದೊಡ್ಡಮ್ಮ ಕನ್ನಡಕ ಏರಿಸಿ ಪೂರ್ತಿ ಓದಿದರು.

"ಸಖತ್ತಾಗಿದೆ ಕಣೇ. ಅಲಾರಂ ಕೂಗೋದು ಯಾವ ಪುಟದಲ್ಲಿ?"

ಅವರು ಹಾಳೆಯ ಹಿಂಬದಿಯಲ್ಲಿ ಒಂದೇ ಸಾಲು ಬರೆದರು: 'ಬಿಚ್ಚಿಸಿದವರು ಯಾರು, ಮತ್ತೆ ಕೂಡಿಸುವವರು ಯಾರು, ಎಷ್ಟು ಗಂಟೆಯೊಳಗೆ?' ಕೆಳಗೆ ಸಹಿಗೆ ಜಾಗ. ನಂತರ ಸ್ಟೂಲೊಂದನ್ನು ಎಳೆದುಕೊಂಡು ಫ್ರಿಡ್ಜಿನ ಮುಂದೆ ಕುಳಿತರು.

"ನೀವು ಮನೆಗೆ ಹೋಗಿ ಮೇಡಂ, ನಾಳೆ ಮಾಡಿಸ್ತೀವಿ."

"ಅಲಾರಂ ಇಲ್ಲ ಅಂದ್ರೆ ಯಾರಾದ್ರೂ ಕೂಗ್ಬೇಕಲ್ಲಪ್ಪ. ನಾನೇ ಕೂಗ್ತೀನಿ."

ಕೂಗಿದರು ಕೂಡ! ಐದೈದು ನಿಮಿಷಕ್ಕೊಮ್ಮೆ, ರೈಲ್ವೆ ನಿಲ್ದಾಣದ ಗಾಂಭೀರ್ಯದಲ್ಲಿ: "ನಾಲ್ಕು ಪಾಯಿಂಟ್ ಎರಡು!" ಫೋನಿನಲ್ಲಿದ್ದವರು ಬೆಚ್ಚಿದರು. "ನಾಲ್ಕು ಪಾಯಿಂಟ್ ಮೂರು!" ಲೇಬಲ್ ಅಂಟಿಸುತ್ತಿದ್ದವರ ಕೈ ಜಾರಿತು. ಮುಕ್ಕಾಲು ಗಂಟೆಯಲ್ಲಿ ಸಿಬ್ಬಂದಿಯೊಬ್ಬ ಇನ್ನೊಬ್ಬನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಮಗಾ, ಇದಕ್ಕಿಂತ ಆ ಅಲಾರಮ್ಮೇ ವಾಸಿ ಕಣೋ!"

ಉಸ್ತುವಾರಿಯಾತ ಸಹಿ ಹಾಕಿದ. ಮೆಕ್ಯಾನಿಕ್ ಬಂದ. ವೈರು ಕೂಡಿತು. ಕಡ್ಡಿಯನ್ನು ಈ ಸಲ ನಿಜವಾದ ಬಿಸಿನೀರಿಗೇ ಅದ್ದಿದರು. ಅಬ್ಬಾ, ಅದೆಂಥ ಚೀತ್ಕಾರ! ನಾವೆಲ್ಲ ಕಿವಿ ಮುಚ್ಚಿಕೊಂಡರೆ, ದೊಡ್ಡಮ್ಮ ಸಂಗೀತ ಕಛೇರಿಯಲ್ಲಿ ಕೂತವರಂತೆ ತಲೆದೂಗಿದರು.

ಬೆಂಚಿನ ಮೇಲಿದ್ದ ತಾಯಿ ಗಾಬರಿಯಿಂದ ಎದ್ದು ಬಂದಳು. "ಏನಾತ್ರೀ ಅಕ್ಕಾರ?"

"ಏನೂ ಆಗಿಲ್ಲಮ್ಮ. ಆಗೋಕೆ ಮುಂಚೆ ಹೇಳೋದು ಕಲಿಸ್ತಿದ್ವಿ."

ಈ ಫ್ರಿಡ್ಜಿನಲ್ಲಿ ರಾತ್ರಿ ಕಳೆಯದ, ಆ ಬೆಳಿಗ್ಗೆಯಷ್ಟೇ ಬಂದಿದ್ದ ಚೀಲವನ್ನು ದೊಡ್ಡಮ್ಮನೇ ಆರಿಸಿದ ಮೇಲೆ ಮಗುವಿಗೆ ರಕ್ತ ಹೊರಟಿತು. ಗೆಲುವಿನ ಹುಮ್ಮಸ್ಸಿನಲ್ಲಿ ನಾನು ದೊಡ್ಡಮ್ಮನ ಪಕ್ಕ ಕುಳಿತು, "ಆ ಮನುಷ್ಯನನ್ನ ಅಷ್ಟಕ್ಕೇ ಬಿಟ್ರಲ್ಲ!" ಎಂದೆ.

ಅವರು ಸಹಿಯಾದ ಹಾಳೆಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡರು.

"ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಅಲಾರಂ ಕೂಗ್ತು. ಸುಮ್ಮನೆ ಕೂಗ್ತಿದೆ ಅಂದ್ಕೊಂಡು ಬಟನ್ ಒತ್ತಿ ಊಟಕ್ಕೆ ಹೋದೆ. ಬಂದು ನೋಡಿದ್ರೆ ಒಂದು ಅರೆಯಲ್ಲಿದ್ದ ಚೀಲಗಳೆಲ್ಲ ಬೆಚ್ಚಗಾಗಿವೆ. ಎಲ್ಲಾ ಎಸೆದ್ವಿ. ಮೇಲಿನವರು ಕರೆಂಟ್ ಹೋಗಿತ್ತು ಅಂತ ಬರೆದು ನನ್ನನ್ನ ಉಳಿಸಿದ್ರು. ಏನಾಯ್ತು ಅಂತ ಯಾರೂ ನನ್ನನ್ನ ಕೇಳ್ಲಿಲ್ಲ. ಕೇಳಿದ್ದಿದ್ರೆ ಅವತ್ತೇ ಹೇಳಿ ಹಗುರಾಗ್ತಿದ್ದೆ. ಅದಕ್ಕೇ ಇವನನ್ನ ಕೇಳಿದೆ, ಸಹಿ ಹಾಕಿಸ್ಕೊಂಡೆ. ಸಾಕು."

"ರಕ್ತ ಬೇಕಾಗಿದ್ದವರಿಗೆ ಏನಾಯ್ತು?"

"ಅವರಿಗೆ ಬೇರೆ ಕಡೆಯಿಂದ ಸಿಕ್ತು. ಆದ್ರೆ ಕೊಟ್ಟವರು ಇದ್ರಲ್ಲ ಕಣೇ... ತಮ್ಮ ರಕ್ತ ಯಾರನ್ನೋ ಬದುಕಿಸ್ತು ಅಂತ ಅವರು ಇವತ್ತಿಗೂ ಅಂದ್ಕೊಂಡಿರ್ತಾರೆ."

ನಾನು ಎದ್ದೆ. ಒಳಗೆ ಹೋಗಿ, ನಾನು ಅಮಾನತು ಮಾಡಿಸಬೇಕೆಂದಿದ್ದ ಆ ಮನುಷ್ಯನ ಮುಂದೆಯೇ ರಕ್ತ ಕೊಡಲು ತೋಳು ಮಡಚಿದೆ. ತೂಕ, ಹಿಮೋಗ್ಲೋಬಿನ್ ನೋಡಿದರು, ಮಲಗಿಸಿದರು. ಸೂಜಿ ಕಂಡು ನನ್ನ ಕ್ರಾಂತಿಯೆಲ್ಲ ಕಾಲ್ಬೆರಳಿಗೆ ಇಳಿಯಿತು. ಕಣ್ಣು ಮುಚ್ಚಿಕೊಂಡೆ. ಪಕ್ಕದಲ್ಲಿ ದೊಡ್ಡಮ್ಮನ ದನಿ, ನಾನೆಂದೂ ಕೇಳದಷ್ಟು ಮೆತ್ತಗೆ:

"ಹೆದರ್ಬೇಡ. ನಿನ್ನ ನಾನು ನೋಡ್ಕೋತೀನಿ."

ಕಣ್ಣು ಬಿಟ್ಟೆ. ಅವರು ಹೇಳುತ್ತಿದ್ದುದು ನನಗಲ್ಲ. ಬಗ್ಗಿ, ಬೆಚ್ಚಗೆ ತುಂಬುತ್ತಿದ್ದ ಚೀಲಕ್ಕೆ.