ತಾರಸಿಯ ಮೇಲೊಂದು ಅಂತರಗಂಗೆ

ಕಂಪ್ಯೂಟರಿಗೆ ಬುದ್ಧಿ ಇಲ್ಲ, ನಮಗೆ ತಾಳ್ಮೆ ಇಲ್ಲ. ಹಾಗಾಗಿ ನಮ್ಮ ಆಫೀಸಿನಲ್ಲಿ ನಗುವಿಗೆ ಬರ ಬಂದದ್ದೇ ಇಲ್ಲ. ಹೈದರಾಬಾದಿನಲ್ಲಿ ಗಲ್ಲಿಗೊಂದು ಸಾಫ್ಟ್‌ವೇರ್ ಬೋರ್ಡು ಏಳುತ್ತಿದ್ದ ಕಾಲ. ಮೈಸೂರಿನಿಂದ ಹೋದ ನನಗೆ ತಾರ್ನಾಕದಲ್ಲಿ ಕೆಲಸ. ಹೊರದೇಶಗಳಿಂದ ಬಂದು ನಮ್ಮ ಕೆರೆ, ಹೊಲ ನುಂಗುವ ಕಳೆಗಳು ಎಲ್ಲೆಲ್ಲಿ ಕಂಡವೆಂದು ಡೇಟಾಬೇಸಿಗೆ ತುಂಬುವುದು, ಅದನ್ನು ಇನ್ನೂ ನಾಲ್ಕು ದೇಶಗಳ ಡೇಟಾಬೇಸುಗಳ ಜೊತೆ ಜೋಡಿಸುವುದು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

೧. ಹೋದದ್ದು ಬಂತು

ಜೋಡಣೆ ಸರಿಯಿದೆಯೇ ನೋಡೋಣವೆಂದು ಒಂದು ಸುಳ್ಳು ದಾಖಲೆ ಹಾಕಿದೆ: ‘ಕೆರೆ ಮುಚ್ಚುವ ಅಂತರಗಂಗೆ ಕಳೆ. ಸ್ಥಳ: ನಮ್ಮ ಆಫೀಸಿನ ತಾರಸಿ.’ ಕ್ಷಣದಲ್ಲಿ ನಾಲ್ಕೂ ಕಡೆ ಹೋಯಿತು. ಭೇಷ್ ಎಂದುಕೊಂಡು ಅಳಿಸಿ, ಇರಾನಿ ಚಾ ಕುಡಿದು ಬಂದೆ. ಅಷ್ಟರಲ್ಲಿ ದಾಖಲೆ ವಾಪಸ್ಸು ಬಂದು ಕೂತಿತ್ತು! ನಾನು ಅಳಿಸಿದ್ದನ್ನು ಆ ನಾಲ್ವರು ಜೋಪಾನವಾಗಿಟ್ಟು ಮತ್ತೆ ಕಳಿಸುತ್ತಿದ್ದರು. ಎಂಟು ಸಲ ಅಳಿಸಿದೆ. ಕಳೆಗಿಂತ ಅದರ ದಾಖಲೆಯೇ ಹಠಮಾರಿ.

೨. ನಾಲ್ಕು ಸಾಕ್ಷಿ

ತೆಗೆದುಹಾಕಿ ಎಂದು ನಾಲ್ವರಿಗೂ ಬರೆದೆ. ಉತ್ತರ ಬಂತು: ‘ನಾಲ್ಕು ಡೇಟಾಬೇಸುಗಳು ಕಳೆ ಇದೆ ಎನ್ನುತ್ತಿವೆ. ನೀವೊಬ್ಬರು ಇಲ್ಲ ಎಂದರೆ ಹೇಗೆ?’ ನಾಲ್ಕಕ್ಕೂ ಹೇಳಿದವನು ನಾನೇ! ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿ ಬಂದಿದ್ದ ಕಲಬುರಗಿಯ ಸಹೋದ್ಯೋಗಿ ಸಮಾಧಾನ ಹೇಳಿದ: “ಪುಣ್ಯವಂತರು ಬಿಡ್ರಿ ಸರ. ನನ್ನ ಮಾತು ಮನ್ಯಾಗ ಒಬ್ರೂ ನಂಬಂಗಿಲ್ಲ, ನಿಮ್ಮದು ನಾಕು ದೇಶ ನಂಬ್ಯಾವ!”

೩. ತಜ್ಞರ ಭೇಟಿ

ತಾರಸಿ ಮೇಲೆ ನೀರಿನ ಕಳೆಯೇ ಎಂದು ಬೆರಗಾಗಿ ದಿಲ್ಲಿಯಿಂದ ತಜ್ಞರೊಬ್ಬರು ನೋಡಲು ಬಂದೇಬಿಟ್ಟರು. “ದಾಖಲೆ ಸುಳ್ಳಾದರೆ ನಿನ್ನ ಕೆಲಸ ಇವತ್ತಿಗೆ ಮುಗೀತು,” ಎಂದರು ನಮ್ಮ ಸಾಹೇಬರು. ತಪ್ಪೊಪ್ಪಿಕೊಂಡುಬಿಡೋಣವೆಂದು ತಜ್ಞರ ಹಿಂದೆ ಮೆಟ್ಟಿಲು ಹತ್ತಿದೆ. ಮೇಲೆ ನೋಡಿದರೆ, ಪ್ಲಾಸ್ಟಿಕ್ ಟಬ್ಬಿನ ತುಂಬ ಅಂತರಗಂಗೆ, ನೇರಳೆ ಹೂ ಬಿಟ್ಟು ನಿಂತಿದೆ!

ಪಕ್ಕದಲ್ಲೇ ಆಫೀಸಿನ ಕಸ ಗುಡಿಸುವ ಯಾದಗಿರಿಯ ಅವ್ವ. “ಮಾಳಿಗಿ ಮ್ಯಾಲ ಅದು ಇಲ್ಲ, ಇಲ್ಲ ಅಂತ ತಿಂಗಳಿಂದ ಹಲುಬಾಕತ್ತಿದ್ರಿ. ನನಗ ನೋಡಾಕ ಆಗಲಿಲ್ರಿ ಸರ. ಕೆರಿಯಿಂದ ತಂದು ಹಾಕೀನಿ.”

ತಜ್ಞರಿಗೆ ಕನ್ನಡ ಬರದು. ‘ದಾಖಲೆ ಸರಿಯಿದೆ’ ಎಂದು ಬರೆದು ಸಹಿ ಹಾಕಿದರು. ನನಗೆ ಅವ್ವನ ಕಾಲಿಗೆ ಬೀಳುವಷ್ಟು ಸಂತೋಷ.

ಅವ್ವ ಅಷ್ಟಕ್ಕೇ ಸುಮ್ಮನಾಗಲಿಲ್ಲ. “ಬಾಜೂ ಆರು ಮನಿಯವರಿಗೂ ಕೊಟ್ಟೀನ್ರಿ, ಎಲ್ಲಾ ಕಡೆ ಚಿಗತಾವ. ಈ ಸಾಹೇಬರಿಗೂ ಕೊಡ್ಲೇನು?”

“ಏನಂತೆ?” ಎಂದರು ತಜ್ಞರು.

“ಚಾ ತರಲಾ ಅಂತ ಕೇಳ್ತಿದ್ದಾರೆ ಸರ್.”

ತಜ್ಞರು ಖುಷಿಯಿಂದ ಅವ್ವನತ್ತ ತಲೆಯಾಡಿಸಿದರು. ಅವ್ವ ಎರಡು ಸಸಿ ಕಿತ್ತು, ಕವರಿನಲ್ಲಿ ಕಟ್ಟಿ, ಅವರ ಕೈಗಿಟ್ಟಳು.

ಅವರು ಕವರು ನೋಡಿದರು, ನನ್ನನ್ನು ನೋಡಿದರು. “ಚಾಗೆ ಹಾಲು ಸ್ವಲ್ಪ ಕಡಿಮೆಯಾಗಿದೆ,” ಎಂದರು.