‘ಲುಕ್’ ಮತ್ತು ಅದರ ಬಾಲಗಳು

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರ ಬದುಕಿನಲ್ಲಿ ಶಬ್ದಗಳ ಫಜೀತಿ ಆಗುತ್ತಲೇ ಇರುತ್ತವೆ. ಯಾವ ವರ್ಷ ಆಗುವುದಿಲ್ಲವೋ ಆ ವರ್ಷ ನಾನೇ ಸರಿಯಾಗಿ ಪಾಠ ಮಾಡಿಲ್ಲ ಎಂದು ತಿಳಿದುಕೊಳ್ಳುತ್ತೇನೆ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಿರುಗಿ ಈಗ ಗದಗ-ಬೆಟಗೇರಿಗೆ ಬಂದು ಕೂತಿದ್ದೇನೆ. ಎಲ್ಲಿ ಹೋದರೂ ನನ್ನ ಬೆನ್ನು ಬಿಡದ ಶಬ್ದ ಒಂದೇ: ಲುಕ್. ಲುಕ್ ಅಂದರೆ ನೋಡು, ಅಷ್ಟು ಎಲ್ಲರಿಗೂ ಗೊತ್ತು. ಆದರೆ ಅದಕ್ಕೊಂದು ಸಣ್ಣ ಬಾಲ ಹಚ್ಚಿದ ಕೂಡಲೇ ಅದರ ಗುಣವೇ ಬೇರೆ. ‘ಫಾರ್’ ಹಚ್ಚಿದರೆ ಹುಡುಕು, ‘ಆಫ್ಟರ್’ ಹಚ್ಚಿದರೆ ಜೋಪಾನ ಮಾಡು, ‘ಇಂಟು’ ಹಚ್ಚಿದರೆ ವಿಚಾರಣೆ ಮಾಡು. ಈ ಭಾಗದ ಸಾವಿರಾರು ಮಕ್ಕಳಿಗೆ ಈ ಬಾಲ ಹಚ್ಚುವುದನ್ನು ಕಲಿಸಿದವಳು ನಾನು ಎಂಬ ಹೆಮ್ಮೆ ನನಗಿದೆ. ಕೆಲವರು ತಪ್ಪು ಬಾಲ ಹಚ್ಚಿದರು, ಆ ಮಾತು ಬೇರೆ.

ಇಂಗ್ಲಿಷ್ ಧಮಕಿ

ಲಕ್ಷ್ಮೇಶ್ವರದಲ್ಲಿ ನನ್ನ ಮೊದಲ ವರ್ಷ. ಹಿಂದಿನ ದಿನವಷ್ಟೇ ಬೋರ್ಡಿನ ಮೇಲೆ ದೊಡ್ಡದಾಗಿ, ಲುಕ್ ಆಫ್ಟರ್ ಅಂದರೆ ‘ನೋಡಿಕೊಳ್ಳುವುದು’ ಎಂದು ಬರೆದಿದ್ದೆ. ಮರುದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಳುತ್ತ ಬಂದಳು.

“ಟೀಚರ್, ಗಿರಣಿಯವರ ಮಗಳು ನನಗ ಇಂಗ್ಲಿಷಿನ್ಯಾಗ ಧಮಕಿ ಹಾಕ್ಯಾಳ್ರಿ!”

ವಿಚಾರಿಸಿದೆ. ಕಿಟಕಿ ಪಕ್ಕದ ಜಾಗಕ್ಕಾಗಿ ಇಬ್ಬರಿಗೂ ಜಗಳವಾಗಿತ್ತು. ಹಿಟ್ಟಿನ ಗಿರಣಿಯವರ ಮಗಳು, ಗಿರಣಿಯ ಸದ್ದನ್ನೂ ಮೀರಿಸುವ ದನಿಯವಳು, ಬೆರಳು ತೋರಿಸಿ “ಐ ವಿಲ್ ಲುಕ್ ಆಫ್ಟರ್ ಯು!” ಅಂದಿದ್ದಳು. ‘ನಿನ್ನ ನೋಡ್ಕೋತೇನಿ’ ಎಂಬ ನಮ್ಮೂರ ಧಮಕಿಯನ್ನು ನಾನು ಕಲಿಸಿದ ಪ್ರಕಾರ ಅಕ್ಷರಶಃ ಅನುವಾದ ಮಾಡಿದ್ದಳು.

ನಗು ತಡೆದುಕೊಂಡು ಅದರ ಖರೆ ಅರ್ಥ ಹೇಳಿದೆ. ಆಮೇಲೆ ಗಿರಣಿ ಹುಡುಗಿಗೆ, “ಮಾತು ಕೊಟ್ಟೀದಿ, ಈಗ ನಡಸು. ಒಂದು ವಾರ ಈಕಿನ್ನ ಜೋಪಾನ ಮಾಡು” ಅಂದೆ.

ಆ ವಾರದ ಶಿಕ್ಷೆಯಿಂದ ಇಡೀ ಕ್ಲಾಸಿಗೆ ಲುಕ್ ಆಫ್ಟರ್ ಎಂಥಾ ಪಾಠವಾಯಿತೆಂದರೆ, ಪರೀಕ್ಷೆಯಲ್ಲಿ ಒಬ್ಬರೂ ಅದನ್ನು ತಪ್ಪು ಬರೆಯಲಿಲ್ಲ. ಆದರೆ ನಾಲ್ಕನೇ ದಿನಕ್ಕೇ ಮೊದಲಿನ ಹುಡುಗಿ ಮತ್ತೆ ಸ್ಟಾಫ್ ರೂಮಿಗೆ ಬಂದಳು.

“ಟೀಚರ್, ಕೈ ಮುಗೀತೇನ್ರಿ, ನನಗ ನಾಕು ಏಟು ಹೊಡದು ಬಿಟ್ಬಿಡು ಅಂತ ಹೇಳ್ರಿ ಆಕಿಗೆ. ತಾಸಿಗೊಮ್ಮೆ ನೀರು ಕುಡಿಸ್ತಾಳ, ಊಟದಾಗ ಬದನಿಕಾಯಿ ಬಿಟ್ರ ಬಾಯಾಗ ತುರಕತಾಳ್ರಿ!”

ಕಳೆದುಹೋದ ಅಜ್ಜಿ

ಶಿರಹಟ್ಟಿಯ ನಮ್ಮ ಹೆಡ್‌ಮಾಸ್ತರರು ಬಹಳ ಮೆತ್ತನೆಯ ಮನಸ್ಸಿನವರು, ಅಷ್ಟೇ ಅವಸರದವರು. ಒಂದು ಮುಂಜಾನೆ ಹತ್ತನೇ ತರಗತಿಯ ಹುಡುಗಿಯೊಬ್ಬಳ ರಜಾ ಚೀಟಿ ಅವರ ಕೈಗೆ ಬಂತು. ಇಂಗ್ಲಿಷಿನಲ್ಲಿ ಬರೆದಿದ್ದಳು, ಅಕ್ಷರ ಮುತ್ತಿನಂತಿತ್ತು: “ಐ ಆಮ್ ಲುಕಿಂಗ್ ಫಾರ್ ಮೈ ಗ್ರ್ಯಾಂಡ್‌ಮದರ್.” ಅದಕ್ಕೇ ಎರಡು ದಿನ ರಜೆ ಬೇಕು.

“ಅಯ್ಯ ಶಿವನೇ, ಮುದುಕಿ ಕಳದಾಳ! ಹುಡುಗಿ ಹುಡುಕಾಕತ್ತೈತಿ!” ಎಂದು ಹೆಡ್‌ಮಾಸ್ತರರು ಎದ್ದೇ ಬಿಟ್ಟರು. ಪಿ.ಟಿ. ಮಾಸ್ತರರು ಬೈಕ್ ಹತ್ತಿ ಸಂತೆ ಕಡೆ ಹೋದರು. ಸಿಪಾಯಿ ಬಸ್ ಸ್ಟ್ಯಾಂಡಿಗೆ ಓಡಿದ. ಹೆಡ್‌ಮಾಸ್ತರರು ನನ್ನನ್ನು ಕರೆದುಕೊಂಡು ಹುಡುಗಿಯ ಓಣಿಗೆ ಹೊರಟರು. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದರಿಂದ ಓಣಿ ಮುಟ್ಟುವಾಗ ನಮ್ಮ ಹಿಂದೆ ಹತ್ತು ಮಂದಿ ಇದ್ದರು.

ಒಂದು ಮನೆಯ ಕಟ್ಟೆಯ ಮೇಲೆ ವಯಸ್ಸಾದ ಹೆಂಗಸೊಬ್ಬಳು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು.

“ಯವ್ವಾ, ಈ ಓಣ್ಯಾಗ ಒಬ್ಬಾಕಿ ಅಜ್ಜಿ ಕಳದಾಳಂತ, ನೀವೇನರ ನೋಡೀರೇನು?” ಎಂದು ಹೆಡ್‌ಮಾಸ್ತರರು ಕೇಳಿದರು.

“ಅಯ್ಯ ಪಾಪ, ಯಾರ ಪೈಕಿರಿ? ನನ್ನ ಕಾಲಿಗೆ ಬೆಂಕಿ ಹಚ್ಚಲಿ, ತಡೀರಿ, ನಾನೂ ಬರ್ತೇನಿ” ಎಂದು ಆಕೆ ಬಡಿಗೆ ಊರಿಕೊಂಡು ಎದ್ದು ನಡೆದೇ ಬಿಟ್ಟಳು.

ಅಷ್ಟರಲ್ಲಿ ಅದೇ ಮನೆಯ ಒಳಗಿನಿಂದ ಬಿಸಿನೀರಿನ ಬೋಗುಣಿ ಹಿಡಿದು ನಮ್ಮ ಹುಡುಗಿಯೇ ಹೊರಗೆ ಬಂದಳು. ಮಂದಿಯನ್ನು ನೋಡಿ ಬೆಪ್ಪಾದಳು. ನಾನು ಚೀಟಿ ತೋರಿಸಿದೆ. ಒಂದೇ ಕ್ಷಣ ನೋಡಿದಳು, ನಾಲಿಗೆ ಕಚ್ಚಿಕೊಂಡಳು.

“ಟೀಚರ್, ತಪ್ಪಾತ್ರಿ. ಅಜ್ಜಿ ಕಾಲು ನೋಯ್ತೈತಿ, ನೋಡ್ಕೊಳ್ಳಾಕ ಮನ್ಯಾಗ ಯಾರೂ ಇಲ್ರಿ. ಫಾರ್ ಅಲ್ಲ, ಆಫ್ಟರ್ ಬರೀಬೇಕಿತ್ತು.”

ಯಾರೂ ಹೇಳಿಕೊಡದೆ ತನ್ನ ತಪ್ಪು ತಾನೇ ಹಿಡಿದಳಲ್ಲ, ನನ್ನ ಎದೆ ಉಬ್ಬಿತು. ತಿದ್ದಲು ಪೆನ್ನು ಚಾಚಿದೆ. ಆಕೆ ಅತ್ತಿತ್ತ ನೋಡಿ, “ಅಜ್ಜಿ ಎಲ್ಲಿರಿ?” ಅಂದಳು.

ಅಜ್ಜಿ ಇರಲಿಲ್ಲ. ಕಳೆದುಹೋದ ಮುದುಕಿಯನ್ನು ಹುಡುಕಲು ಎಲ್ಲರಿಗಿಂತ ಮುಂದಾಗಿ ಯಾವ ಸಂದಿ ಹೊಕ್ಕಿದ್ದಳೋ ಏನೋ. ಹುಡುಗಿ ಬೋಗುಣಿ ಇಟ್ಟು ಓಡಿದಳು. ಹೆಡ್‌ಮಾಸ್ತರರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು.

“ತಿದ್ದಬ್ಯಾಡ್ರಿ ಟೀಚರ್. ಚೀಟಿ ಈಗ ಬರೋಬ್ಬರಿ ಆತು.”

ಏಣಿ

ಮುಂಡರಗಿ ಕಡೆಯ ಒಂದು ಶಾಲೆ. ಮಾಳಿಗೆಯ ಮೇಲಿನ ನೀರಿನ ಟಾಕಿ ಒಡೆದು ಎರಡು ವರ್ಷವಾಗಿತ್ತು. ಮಕ್ಕಳು ದೂರದ ಬೋರಿಗೆ ಹೋಗಿ ನೀರು ತರುತ್ತಿದ್ದರು. ನಾವು ಬರೆದ ಅರ್ಜಿಗಳಿಗೆ ಉತ್ತರವೇ ಇರಲಿಲ್ಲ.

ಒಂದು ದಿನ ಮೇಲಧಿಕಾರಿಗಳು ತಪಾಸಣೆಗೆ ಬಂದರು. ಇಂಗ್ಲಿಷ್ ಮಾತಾಡುವವರು ಯಾರು ಎಂದು ಕೇಳಿದಾಗ ಎಂಟನೇ ತರಗತಿಯ ಸಣಕಲು ಹುಡುಗಿಯೊಬ್ಬಳು ಎದ್ದು ನಿಂತು, ಒಂದೇ ಉಸುರಿನಲ್ಲಿ, “ಸರ್, ಅವರ್ ವಾಟರ್ ಟ್ಯಾಂಕ್ ಈಸ್ ಬ್ರೋಕನ್” ಅಂದಳು. ಹೆಡ್‌ಮಾಸ್ತರರು ಆಕೆಗೆ ಕೂಡ್ರು ಎಂದು ಕೈಸನ್ನೆ ಮಾಡಿದರು. ಸಾಹೇಬರು ಮಾತ್ರ ನಗುತ್ತ, “ವೆರಿ ಗುಡ್. ಐ ವಿಲ್ ಲುಕ್ ಇಂಟು ಇಟ್” ಎಂದರು.

ವಿಚಾರ ಮಾಡುತ್ತೇನೆ ಎಂಬುದು ಅವರ ಅರ್ಥ. ಆದರೆ ‘ಇಂಟು’ ಬಾಲವನ್ನು ನಾನಿನ್ನೂ ಎಂಟನೇ ತರಗತಿಗೆ ಕಲಿಸಿರಲಿಲ್ಲ. ಹುಡುಗಿ ಗೊತ್ತಿದ್ದಷ್ಟನ್ನು ಕೂಡಿಸಿಕೊಂಡಳು: ಲುಕ್ ಅಂದರೆ ನೋಡು, ಇಂಟು ಅಂದರೆ ಒಳಗೆ. ಸಾಹೇಬರು ಚಹಾ ಮುಗಿಸಿ ಹೊರಗೆ ಬರುವಷ್ಟರಲ್ಲಿ ಆಕೆ ಗೆಳತಿಯರ ಜೊತೆ ಬಾಜೂಮನೆಯಿಂದ ಏಣಿ ತಂದು ಗೋಡೆಗೆ ಹಚ್ಚಿ ನಿಂತಿದ್ದಳು.

“ಬರ್ರಿ ಸರ್. ನಾವು ಗಟ್ಟಿ ಹಿಡಕೊಂಡೇವಿ.”

ಸಾಹೇಬರು ನನ್ನ ಕಡೆ ನೋಡಿದರು. ನಾನು ಬೇವಿನ ಗಿಡದ ಕಡೆ ನೋಡಿದೆ. ಇನ್ನೂರು ಮಕ್ಕಳು ಸಾಹೇಬರ ಕಡೆ ನೋಡುತ್ತಿದ್ದರು. ಪಾಪ, ಬೂಟು ಬಿಚ್ಚಿಟ್ಟು ಹತ್ತಿದರು. ಟಾಕಿಯ ಒಳಗೆ ತಲೆ ಹಾಕಿದ ಕೂಡಲೇ ಎರಡು ಪಾರಿವಾಳ ಫಡಫಡ ಎಂದು ಅವರ ಕಿವಿಯ ಪಕ್ಕದಿಂದಲೇ ಹಾರಿದವು.

ಒಂದು ತಿಂಗಳಲ್ಲಿ ಹೊಸ ಟಾಕಿ ಬಂತು. ಎರಡು ವರ್ಷದ ಅರ್ಜಿಗಳು ಮಾಡದ ಕೆಲಸವನ್ನು ನನ್ನ ಹುಡುಗಿಯ ಒಂದು ಇಂಗ್ಲಿಷ್ ವಾಕ್ಯವೂ ಅರ್ಧ ವ್ಯಾಕರಣವೂ ಮಾಡಿದವು. ಅವತ್ತು ಏಣಿಯಿಂದಿಳಿದ ಸಾಹೇಬರು ತಲೆಯ ಮೇಲಿನ ಪುಕ್ಕ ಝಾಡಿಸಿಕೊಳ್ಳುತ್ತ ಹೇಳಿದ್ದು ಇಷ್ಟು: “ಇಪ್ಪತ್ತು ವರ್ಷದಿಂದ ಎಲ್ಲಾ ಸಾಲ್ಯಾಗೂ ಈ ಮಾತು ಹೇಳ್ಕೊಂತ ಬಂದೇನ್ರಿ. ಖರೇನ ಒಳಗ ನೋಡಿದ್ದು ಇವತ್ತ ಮೊದಲು.”

ನರ್ಸ್‌ಬಾಯಿಯ ಕನ್ಯಾ ಪರೀಕ್ಷೆ

ಬೆಟಗೇರಿಯ ನೇಕಾರರ ಮನೆಯ ಹುಡುಗಿ, ನನ್ನ ವಿದ್ಯಾರ್ಥಿನಿ. ಮಗ್ಗದ ಸದ್ದಿನ ನಡುವೆ ಓದಿ ನರ್ಸ್ ಆದವಳು. ಆಕೆಯನ್ನು ನೋಡಲು ಬಂದ ಎರಡು ಮನೆಯವರು “ಹುಡುಗಿ ಮಾತು ಭಾಳ” ಎಂದು ಹೇಳಿ ಹೋಗಿದ್ದರು. ಮೂರನೇ ಸಲ ಹುಡುಗಿಯ ಅಮ್ಮ ನನ್ನನ್ನು ಕರೆದರು.

“ನೀವು ಬಾಜೂಕ ಕುಂಡ್ರಿ ಟೀಚರ್. ನೀವಿದ್ರ ಆಕಿ ಬಾಯಿ ಬಿಗಿ ಹಿಡೀತಾಳ.”

ಕೂತೆ. ಗಂಡಿನ ಕಡೆಯವರು ಕುರ್ತಕೋಟಿಯಿಂದ ಬಂದಿದ್ದರು. ಹುಡುಗನದು ಪಂಪ್‌ಸೆಟ್ ರಿಪೇರಿ ಅಂಗಡಿ. ತಲೆ ಬಗ್ಗಿಸಿಕೊಂಡು ಚುರುಮರಿ ತಿನ್ನುತ್ತಿದ್ದ. ಅವನ ಸೋದರಮಾವನಿಗೆ ಇಂಗ್ಲಿಷಿನ ಹುಚ್ಚು. ಹುಡುಗಿಯನ್ನು ಪರೀಕ್ಷೆ ಮಾಡಬೇಕೆಂದು ಗಂಟಲು ಸರಿಮಾಡಿಕೊಂಡು, “ವಿ ಆರ್ ಲುಕಿಂಗ್ ಫಾರ್ ಅ ಗರ್ಲ್ ಟು ಲುಕ್ ಆಫ್ಟರ್ ಅವರ್ ಬಾಯ್” ಎಂದರು. ನಮ್ಮ ಹುಡುಗನನ್ನು ಜೋಪಾನ ಮಾಡುವಂಥ ಹುಡುಗಿಯನ್ನು ಹುಡುಕುತ್ತಿದ್ದೇವೆ ಅಂತ. ಬಾಲ ಎರಡೂ ಸರಿಯಾಗಿದ್ದವು, ಒಳಗೊಳಗೇ ಮೆಚ್ಚಿದೆ.

ನಮ್ಮ ಹುಡುಗಿ ಚಹಾದ ತಾಟು ಕೆಳಗಿಟ್ಟು, ಬಹಳ ವಿನಯದಿಂದ ಕೇಳಿದಳು: “ಸರ್, ಐ ಲುಕ್ ಆಫ್ಟರ್ ಥರ್ಟಿ ಪೇಶಂಟ್ಸ್ ಎವ್ರಿ ಡೇ. ಈಸ್ ಯುವರ್ ಬಾಯ್ ಸಿಕ್?”

ದಿನಾ ಮೂವತ್ತು ರೋಗಿಗಳನ್ನು ನೋಡಿಕೊಳ್ಳುತ್ತೇನೆ, ನಿಮ್ಮ ಹುಡುಗನಿಗೂ ಜಡ್ಡೇನು?

ಮಾವ ತಿರುಗಿ ಹುಡುಗನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದರು. ಹುಡುಗಿಯ ಅಮ್ಮ ಗಾಬರಿಯಿಂದ ನನ್ನ ಸೆರಗು ಜಗ್ಗಿದರು. “ಏನಂದ್ಲು ಟೀಚರ್?”

“ಹುಡುಗನ ಆರೋಗ್ಯ ವಿಚಾರಿಸಿದ್ಲು” ಅಂದೆ.

“ಹಾಂ, ಚಲೋ ಕೇಳಿದ್ಲು” ಎಂದು ಅವರು ಉಸುರು ಬಿಟ್ಟರು.

ಆಗ ಹುಡುಗ ತಲೆ ಎತ್ತಿದ. ನಗುತ್ತಿದ್ದ. ಕನ್ನಡದಲ್ಲೇ, ನೇರವಾಗಿ ಆಕೆಗೆ ಹೇಳಿದ: “ಆರಾಮ ಅದೀನ್ರಿ. ನನ್ನ ಅರಿಬಿ ನಾನ ಒಗೀತೇನಿ. ರೊಟ್ಟಿನೂ ಬಡೀತೇನಿ, ಆದ್ರ ದುಂಡಗ ಬರೂದಿಲ್ಲ.”

“ಏ, ಯಾವಾಗ ಕಲತೀಲೇ?” ಎಂದು ಅವನ ತಾಯಿಯೇ ಹೌಹಾರಿದರು.

ಹುಡುಗಿ ಮೊದಲ ಸಲ ಮಾತು ಮರೆತು ನಕ್ಕಳು. ಮದುವೆಯಾಯಿತು. ಮುಂದಿನ ತಿಂಗಳು ಅವರ ಮನೆಗೆ ಊಟಕ್ಕೆ ಹೋದೆ. ಆಕೆಗೆ ಡ್ಯೂಟಿ ಮುಗಿದು ಬರುವುದು ತಡವಾಗಿತ್ತು, ಅಡುಗೆ ಅವನದೇ. ನನ್ನ ತಾಟಿಗೆ ಬಿಸಿ ರೊಟ್ಟಿ ಬಂತು. ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಹರಿದು, ಗದಗ ಜಿಲ್ಲೆಯ ನಕಾಶೆಯಂತಿತ್ತು. ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದೆ.

ಅವನು ಕೈಗೆ ಹಿಟ್ಟು ಹಚ್ಚಿಕೊಂಡೇ ಒಲೆಯ ಮುಂದಿನಿಂದ ಕೂಗಿದ:

“ಟೀಚರ್, ಡೋಂಟ್ ಲುಕ್ ಆ್ಯಟ್ ಇಟ್ ರೀ. ಈಟ್ ಇಟ್ ರೀ!”